ಗುರುವಾರದ ಗುಲಾಬಿ ಇಡ್ಲಿ

ನಿಲ್ಲಿ, ಇಡ್ಲಿಗೆ ಈಗಲೇ ಚಮಚ ಹಾಕ್ಬೇಡಿ. ಫೋಟೋ ತೆಗ್ದಾಯ್ತಲ್ಲ, ಇನ್ನು ಫೋನು ಸ್ವಲ್ಪ ಕೆಳಗಿಡಿ. ಈ ಇಡ್ಲಿ ಗುಲಾಬಿ ಆದದ್ದು ಹೇಗೆ ಅಂತ ಕೇಳಿದ್ರಲ್ಲ, ಹೇಳ್ತೇನೆ. ನಡೆದದ್ದೇ ಹೇಳುವುದು. ಬೇಕಾದ್ರೆ ಆ ಹಬೆ ಬರುವ ಪಾತ್ರೆಯ ಮೇಲೆ ಕೈ ಇಟ್ಟು ಹೇಳ್ತೇನೆ, ಒಂದಕ್ಷರ ಸುಳ್ಳಿಲ್ಲ. ನಾನು ಕಲಿತದ್ದು ಎರಡನೇ ಕ್ಲಾಸು. ನನ್ನ ಹತ್ರ ಇರುವ ಅಕ್ಷರವೇ ಕಮ್ಮಿ, ಅದರಲ್ಲಿ ಸುಳ್ಳಿಗೆ ಅಂತ ಬೇರೆ ತೆಗ್ದಿಡ್ಲಿಕ್ಕೆ ಎಲ್ಲಿಂದ ಬರ್ಬೇಕು.

ಹೌದು, ಬೇರೆ ಕೆಲವು ಕತೆ ನಾನು ಉಬ್ಬಿಸಿ ಹೇಳಿದ್ದುಂಟು. ಒಂದು ಮೇ ತಿಂಗಳಲ್ಲಿ ನನ್ನ ಹಿಟ್ಟು ಹುದುಗಿ ಹುದುಗಿ, ಡ್ರಮ್ಮಿನ ಮುಚ್ಚಳ ತಳ್ಳಿ, ಮೆಟ್ಟಿಲಿಳಿದು, ವಟ್ವಾ ಸ್ಟೇಷನ್ನಿಗೆ ಹೋಗಿ ಬರೋಡಾ ಗಾಡಿ ಹತ್ತಿತು ಅಂತ ಹೇಳ್ತೇನಲ್ಲ, ಅದರಲ್ಲಿ ಸ್ಟೇಷನ್ನಿನ ಭಾಗ ಸುಳ್ಳು. ಮೆಟ್ಟಿಲಿನ ತನಕ ಸತ್ಯ. ಇದು ಹಾಗಲ್ಲ, ಇದು ಪೂರ್ತಿ ಮೆಟ್ಟಿಲಿನ ತನಕದ್ದೇ.

ನನ್ನ ಹೆಸರು ದೊಡ್ಡಣ್ಣ. ಎತ್ತರ ನೋಡಿ ನಗ್ಬೇಡಿ, ಹೆಸರಿಡುವಾಗ ಅಪ್ಪನಿಗೆ ಗೊತ್ತಿರ್ಲಿಲ್ಲ. ಬೈಂದೂರು ಕಡೆಯವನು. ಇಪ್ಪತ್ತೆರಡು ವರ್ಷದಿಂದ ಈ ಅಹಮದಾಬಾದಿನಲ್ಲಿ, ಗೋಪಾಲಕೃಷ್ಣ ಧಣಿಗಳ ಈ ಹೋಟೆಲಿನಲ್ಲಿ ಹಿಟ್ಟು ರುಬ್ಬುವುದು ನನ್ನ ಕೆಲಸ. ಹೊರಗೆ ನೋಡಿದ್ರಲ್ಲ, ಸುತ್ತ ಬಣ್ಣದ ಕಾರ್ಖಾನೆ. ಹೋಟೆಲಿನ ಹಿಂದೆ ಒಂದು ಚಾಲಿ, ಅಂದ್ರೆ ಸಾಲುಮನೆ, ಹದಿನಾರು ಕೋಣೆ. ಆ ಹದಿನಾರು ಕೋಣೆಗೂ ನಾವು ಪಾತ್ರೆ ತೊಳೆಯುವ ತೊಟ್ಟಿಗೂ ಸೇರಿ ಒಂದೇ ಬೋರು, ಕೈಪಂಪಿನದ್ದು. ಅದರ ನೀರು ಮಳೆಗಾಲದಲ್ಲಿ ಚಹಾದ ಬಣ್ಣ, ಚಳಿಗಾಲದಲ್ಲಿ ಸಣ್ಣಗೆ ಗುಲಾಬಿ. ಬಿಳಿ ಅಂಗಿ ಅಂತ ಒಂದು ವಸ್ತು ಆ ಚಾಲಿಯಲ್ಲಿ ಯಾರ ಹತ್ರವೂ ಇಲ್ಲ. ಒಂದು ಬಿಳಿ ಬೆಕ್ಕು ಬಂದಿತ್ತು, ಎರಡು ತಿಂಗಳಲ್ಲಿ ಅದು ನಮ್ಮ ಕೆಂಪು ಚಟ್ನಿಯ ಬಣ್ಣಕ್ಕೆ ಬಂತು. ಬೆಕ್ಕಿನದ್ದು ಸ್ವಲ್ಪ ಹೆಚ್ಚಾಯ್ತೋ ಏನೋ. ನೀರಿನದ್ದು ಹೆಚ್ಚಾಗ್ಲಿಲ್ಲ.

ಅಡಿಗೆಗೆ ಮಾತ್ರ ಧಣಿಗಳು ಟ್ಯಾಂಕರ್ ತರಿಸ್ತಾರೆ. ತೊಳೆಯುವುದೆಲ್ಲ ಬೋರಿನ ನೀರಲ್ಲಿ. ತೊಳೆಯುವವರು ರತ್ನಮ್ಮ, ಗದಗ ಕಡೆಯವರು. ಗಂಡ ಕಟ್ಟಡದ ಕೆಲಸಕ್ಕೆ ಅಂತ ಇಲ್ಲಿಗೆ ಕರ್ಕೊಂಡು ಬಂದು, ಇವರನ್ನೂ ಮಗಳನ್ನೂ ಚಾಲಿಯಲ್ಲಿ ಕೂರಿಸಿ, ಎರಡು ತಿಂಗಳು ಅಂತ ಸೂರತ್ತಿಗೆ ಹೋದವ. ಅಲ್ಲಿ ಅವನ ಎರಡು ತಿಂಗಳು ಇನ್ನೂ ಮುಗಿದಿಲ್ಲ, ಹನ್ನೊಂದು ವರ್ಷ ಆಯ್ತು. ರತ್ನಮ್ಮನ ಕೈ ನೋಡಿದ್ರೆ ನಿಮಗೆ ತಿಂಡಿ ಸೇರ್ಲಿಕ್ಕಿಲ್ಲ, ಆದ್ರೂ ಹೇಳ್ತೇನೆ. ಬೆರಳ ಸಂದಿಯಲ್ಲಿ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಏಳ್ತದೆ. ಉಗುರು ಮೊದಲು ಹಳದಿ, ಮತ್ತೆ ಕಪ್ಪು, ಮತ್ತೆ ಇಲ್ಲ.

ಅವರ ಚಿಂತೆ ತಮ್ಮ ಕೈಯದ್ದಲ್ಲ, ಮಗಳದ್ದು. ದಿವ್ಯಾ, ಆಗ ಹತ್ತನೇ ಕ್ಲಾಸು. ಅವಳು ಮೆಹಂದಿ ಹಾಕ್ಲಿಕ್ಕೆ ಕೂತ್ರೆ ಮದುಮಗಳು ಮದುವೆ ಮರೆತು ಕೈ ನೋಡ್ತಾ ಕೂರ್ಬೇಕು, ಅಷ್ಟು ಸಣ್ಣ ಎಳೆ. ಒಂದು ಸಲ ಅವಳು ಹಾಕಿದ ನವಿಲು ನೋಡಿ ನಿಜವಾದ ನವಿಲು ಬಂದು ಕಿಟಕಿಯಲ್ಲಿ ಕೂತಿತ್ತು. ಆಯ್ತು, ಪಾರಿವಾಳ ಅಂತ ಇಟ್ಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಒಂದು ಪಾರ್ಲರಿನವರು ಅವಳನ್ನು ತೆಗೊಳ್ತೇವೆ ಅಂದಿದ್ರು. ಆದ್ರೆ ಚಾಲಿಯಲ್ಲಿ ನೀರು ಹೊರುವುದು, ಬಟ್ಟೆ ಒಗೆಯುವುದು ಅವಳೇ. ಆ ವರ್ಷ ಅವಳ ಬಲಗೈ ಹೆಬ್ಬೆರಳ ಬುಡದಲ್ಲಿ ಎಂಟಾಣೆಯಷ್ಟು ಅಗಲ ಕೆಂಪು ಎದ್ದಿತ್ತು.

"ನನ್ನ ಕೈ ಹೋದ್ವು ಬಿಡ್ರಿ ದೊಡ್ಡಣ್ಣಾರ," ಅಂತಿದ್ರು ರತ್ನಮ್ಮ, ಕೊಪ್ಪರಿಗೆ ಉಜ್ಜುತ್ತಾ. "ಈಕೀ ಕೈ ಉಳೀಬೇಕು. ಚಾಲಿಗೆ ಒಂದು ಚಲೋ ನೀರಿನ ನಳ ಆತಂದ್ರ ಸಾಕು. ನಾ ದೇವರಿಗೆ ಮತ್ತೇನೂ ಕೇಳಂಗಿಲ್ಲ."

"ದೇವರಿಗೆ ಯಾಕೆ, ಕಾರ್ಪೊರೇಷನ್ ಆಫೀಸಿಗೆ ಕೇಳಿ," ಅಂದೆ ನಾನು.

"ಆಫೀಸಿಗೆ ನಾಕು ಸಲ ಹೋಗೇನ್ರಿ. ದೇವರು ಸಮೀಪ ಅದಾನ."

ಆ ಜನವರಿ ಉತ್ತರಾಯಣಕ್ಕೆ ಏನಾಯ್ತು ಗೊತ್ತುಂಟಾ. ನಮ್ಮಲ್ಲಿ ಸಂಕ್ರಾಂತಿ ಅಂದ್ರೆ ಎಳ್ಳು ಬೆಲ್ಲ ತಿಂದು ಮುಗೀತದೆ. ಇಲ್ಲಿ ಎರಡು ದಿನ ಇಡೀ ಊರು ಮಾಳಿಗೆಯ ಮೇಲೆ, ಗಾಳಿಪಟದ ದಾರ ಹಿಡ್ಕೊಂಡು. ಬೀದಿಯಲ್ಲಿ ನಾಯಿ ಬಿಟ್ರೆ ಯಾರೂ ಇಲ್ಲ. ಟ್ಯಾಂಕರಿನವ ಬರ್ಲಿಲ್ಲ. ಫೋನ್ ಮಾಡಿದ್ರೆ ಆ ಕಡೆಯಿಂದ "ಕಾಯ್‍ಪೋ ಛೇ" ಅಂತ ಬೊಬ್ಬೆ ಮಾತ್ರ. ಪಟ ಕಡಿದಾಗ ಹಾಗೆ ಕೂಗುವುದು. ಬೆಳಿಗ್ಗೆ ನೆನೆಸಿದ ಉದ್ದು ಸಂಜೆಗೆ ಕಾಯ್ತಾ ಕೂತಿದೆ. ಚಳಿಯಲ್ಲಿ ಹಿಟ್ಟು ಹುದುಗ್ಲಿಕ್ಕೆ ಹೆಚ್ಚು ಹೊತ್ತು ಬೇಕು, ಸೂರ್ಯ ಮುಳುಗುವ ಮೊದಲು ರುಬ್ಬದಿದ್ರೆ ನಾಳೆ ಇಡ್ಲಿ ಇಲ್ಲ. ಇಲ್ಲಿಗೆ ಬಂದಂದಿನಿಂದ ನಾನು ಒಂದು ದಿನವೂ ಇಡ್ಲಿ ಇಲ್ಲ ಅಂತ ಬೋರ್ಡು ಹಾಕಿಸಿದವನಲ್ಲ. ಆ ಜಂಬ ಒಂದಿತ್ತು. ರುಬ್ಬುವಾಗ ಹಾಕುವ ನೀರು ತಾನೇ, ಬೆಂದ ಮೇಲೆ ಎಂತ ಆಗ್ತದೆ ಅಂತ ಬೋರಿನ ನೀರು ಹೊಯ್ದೆ. ತಪ್ಪು ನಂದೇ, ಬೇರೆ ಯಾರದ್ದೂ ಅಲ್ಲ. ಹಿಟ್ಟು ಆಗ ಸ್ವಲ್ಪ ಕೆನೆಬಣ್ಣ ಕಂಡಿತು ಅಷ್ಟೆ.

ಮರುದಿನ ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗ್ದೆ. ಹಬೆ ಸರಿಯಿತು. ಒಳಗೆ ಗುಲಾಬಿ, ಎಳೆ ಮಗುವಿನ ಅಂಗಾಲಿನ ಹಾಗೆ. ಚಂದ ಇತ್ತು ಮಾರಾಯ್ರೆ, ಸುಳ್ಳು ಯಾಕೆ ಹೇಳ್ಬೇಕು. ಧಣಿಗಳು ಬಂದು ನೋಡಿ, "ಇದೆಂತ ದೊಡ್ಡಣ್ಣ, ಯಾರ ಸೀಮಂತಕ್ಕೆ?" ಅಂದ್ರು. ವಿಷಯ ಹೇಳಿದೆ. ಮುಖ ಇಳೀತು. "ಒಂದು ಕಣ ಹೊರಗೆ ಹೋಗ್ಬಾರ್ದು. ಎಲ್ಲ ಚೆಲ್ಲು," ಅಂದ್ರು. ರತ್ನಮ್ಮ ಒಂದೊಂದೇ ಪ್ಲೇಟು ಹಿಡ್ಕೊಂಡು ಹಿಂದಿನ ಬಾಗಿಲಿಗೆ ಹೋಗ್ತಿದ್ರು.

ಆ ಹೊತ್ತಿಗೆ ಸರಿಯಾಗಿ ಒಳಗೆ ಬಂದವರು ಇಂದುಮತಿ ಅಮ್ಮ. ಬರೋಡಾದ ಅಲ್ಕಾಪುರಿಯಲ್ಲಿ ಮನೆ, ಯಜಮಾನರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಮೈಸೂರು ಕಡೆಯವರು. ಗಾಳಿಪಟ ನೋಡ್ಲಿಕ್ಕೆ ಅಂತ ಗಂಡ, ಮಗ ಚೇತನ್ ಜೊತೆ ಅಹಮದಾಬಾದಿಗೆ ಬಂದು, ಕನ್ನಡದವರ ಹೋಟೆಲು ಅಂತ ನಮ್ಮಲ್ಲಿಗೆ ಬಂದದ್ದು. ಗುಜರಾತಿನ ಕನ್ನಡದವರದ್ದೆಲ್ಲ ಫೋನಿನಲ್ಲಿ ಒಂದು ಬಳಗ ಉಂಟಲ್ಲ, ಅಹಮದಾಬಾದ್, ಬರೋಡಾ, ಸೂರತ್ ಮೂರೂ ಊರಿನದ್ದು, ಅದನ್ನು ನಡೆಸುತ್ತಿದ್ದದ್ದು ಅವರೇ. ಯಾರಿಗೆ ರಕ್ತ ಬೇಕು, ಯಾರಿಗೆ ಬಾಡಿಗೆ ಮನೆ ಬೇಕು, ಎಲ್ಲ ಅದರಲ್ಲಿ ಆಗ್ತಿತ್ತು. ಒಳ್ಳೆಯ ಹೆಂಗಸು. ಇದನ್ನು ನಾನು ಮೊದಲೇ ಹೇಳಿಡ್ತೇನೆ, ಮತ್ತೆ ನಿಮಗೆ ಮರೆತು ಹೋದೀತು.

"ಏನ್ರೀ ಅದು, ಬೀಟ್ರೂಟ್ ಇಡ್ಲಿನಾ? ಎಷ್ಟು ಮುದ್ದಾಗಿದೆ," ಅಂದ್ರು ರತ್ನಮ್ಮನ ಪ್ಲೇಟು ನೋಡಿ.

"ಬೀಟ್ರೂಟ್ ಅಲ್ರಿ ಅಮ್ಮಾರ. ನಮ್ಮ ಬೋರಿನ ನೀರ್ರಿ," ಅಂದ್ರು ರತ್ನಮ್ಮ.

ಧಣಿಗಳು ಕೆಮ್ಮಿದ್ರು. ಕೆಮ್ಮಿ ಪ್ರಯೋಜನ ಇರ್ಲಿಲ್ಲ. ಇಂದುಮತಿ ಅಮ್ಮನ ಕಣ್ಣು ಇಡ್ಲಿಯಿಂದ ಪ್ಲೇಟು ಹಿಡಿದ ಕೈಗೆ ಬಂದಿತ್ತು. ಮತ್ತೆ ಚಾಲಿಗೆ ಹೋದ್ರು, ಬೋರು ನೋಡಿದ್ರು, ದಿವ್ಯಾಳ ಹೆಬ್ಬೆರಳು ನೋಡಿದ್ರು. ವಾಪಸು ಬಂದಾಗ ಅವರ ಮೂಗು ಕೆಂಪಾಗಿತ್ತು. "ಚೇತೂ, ಕ್ಯಾಮೆರಾ ತೆಗಿ," ಅಂದ್ರು.

ಚೇತನ್ ಕಾಲೇಜು ಹುಡುಗ, ಬರೋಡಾದಲ್ಲೇ ಬೆಳೆದವ, ಕನ್ನಡ ಅಂದ್ರೆ ಅವನಿಗೆ ನೆಂಟರ ಮನೆಯ ಭಾಷೆ. "ಆಂಟಿ, ಪ್ಲೇಟ್ ಥೋಡಾ ಮೇಲೆ. ಹಾಂ. ಕೈ ಕೂಡ ಬರ್ಬೇಕು," ಅಂತ ಕಿಟಕಿ ಬೆಳಕಿನಲ್ಲಿ ನಿಲ್ಲಿಸಿ ತೆಗ್ದ. ಸ್ಟೀಲ್ ಪ್ಲೇಟು, ಅದರಲ್ಲಿ ಎರಡು ಗುಲಾಬಿ ಇಡ್ಲಿ, ಎರಡು ಬದಿಯಲ್ಲಿ ರತ್ನಮ್ಮನ ಕೈ. ಆ ಫೋಟೋ ಹಾಕಿ, ಚಾಲಿಗೆ ಒಳ್ಳೆ ನೀರಿನ ನಳ ಬೇಕು ಅಂತ ಇಂದುಮತಿ ಅಮ್ಮ ಫೋನಿನಲ್ಲೇ ಒಂದು ಅರ್ಜಿ ಬರೆದ್ರು, ಜನ ಸಹಿ ಹಾಕ್ಲಿಕ್ಕೆ.

ಮೊದಲ ವಾರ ಫೋನು ಬಿಸಿಯಾಗಿ ಹೊಗೆ ಬರುವುದೊಂದು ಬಾಕಿ. ಸಂಜೆ ತೊಟ್ಟಿಯ ಹತ್ರ ದಿವ್ಯಾ ಫೋನು ಹಿಡ್ಕೊಂಡು ಓದುವುದು, ರತ್ನಮ್ಮ ತೊಳೆಯುತ್ತಾ ಕೇಳುವುದು. "ಅವ್ವಾ, ಹತ್ತು ಹಜಾರ್ ಜನ ಸೈನ್ ಮಾಡ್ಯಾರ." ಮತ್ತೆ ಇಪ್ಪತ್ತು. ಮತ್ತೆ ಅರವತ್ತು. ರತ್ನಮ್ಮ ಕೇಳಿದ್ರು, "ಅಷ್ಟೂ ಮಂದಿಗೆ ನನ್ನ ಹೆಸರು ಗೊತ್ತೈತೇನು?" "ಗೊತ್ತಲ್ಲಾ. ರತ್ನಾಬೆನ್ ಅಂತ ಬರದಾರ." ರತ್ನಮ್ಮ ಆ ದಿನ ಒಂದು ಕೊಪ್ಪರಿಗೆಯನ್ನು ಎರಡು ಸಲ ತೊಳೆದ್ರು, ಗಮನವೇ ಇಲ್ಲ.

ಅರ್ಜಿ ಆಫೀಸಿಗೆ ಹೋಯ್ತು. ಆಫೀಸು ಸುಮ್ಮನಿತ್ತು. ಆಗ ಇಂದುಮತಿ ಅಮ್ಮ ಬಳಗದಲ್ಲಿ ಒಂದು ಕರೆ ಕೊಟ್ರು. ಪ್ರತಿ ಗುರುವಾರ ಎಲ್ಲರೂ ಮನೆಯಲ್ಲಿ ಗುಲಾಬಿ ಇಡ್ಲಿ ಮಾಡಿ ಫೋಟೋ ಹಾಕ್ಬೇಕು, ನಳ ಬರುವ ತನಕ ನಿಲ್ಲಿಸ್ಬಾರ್ದು. ಗುರುವಾರ ಯಾಕೆ ಅಂದ್ರೆ ಅವರ ಮನೆಯಲ್ಲಿ ಗುರುವಾರ ಹೇಗಿದ್ರೂ ಇಡ್ಲಿಯೇ. ನೋಡಿ, ಬೇರೆ ಯಾರಾದ್ರೂ ಆಗಿದ್ರೆ ಧಿಕ್ಕಾರ ಕೂಗ್ತಿದ್ರು, ರಸ್ತೆಯಲ್ಲಿ ಕೂರ್ತಿದ್ರು. ನಮ್ಮವರಿಗೆ ಸಿಟ್ಟು ಬಂದ್ರೂ ಮೊದಲು ಅಕ್ಕಿ ನೆನೆಸ್ಬೇಕು.

ಬೋರಿನ ನೀರು ಯಾರ ಮನೆಯಲ್ಲೂ ಇಲ್ಲ, ಅದಕ್ಕೆ ಬೀಟ್ರೂಟು. ಬರೋಡಾದಲ್ಲಿ ಇಂದುಮತಿ ಅಮ್ಮನದ್ದು, ಸೂರತ್ತಿನಲ್ಲಿ ನೇಹಾ ಅಂತ ಒಬ್ಬಳದ್ದು. ಈ ನೇಹಾ ಅಡಿಗೆಯ ವಿಡಿಯೋ ಮಾಡುವವಳು. ಅವಳ ಇಡ್ಲಿ ಹೂವಿನ ಆಕಾರ, ಮೇಲೆ ಗೋಡಂಬಿ, ಪಕ್ಕದಲ್ಲಿ ಪುದೀನಾ ಚಟ್ನಿಯ ಎಲೆ. ಅದನ್ನು ಮೂರು ಲಕ್ಷ ಜನ ನೋಡಿದ್ರಂತೆ. ಕೆಳಗೆ ಬರೆದವರು ಯಾರೂ ನೀರು ಕೇಳ್ಲಿಲ್ಲ, ಅಳತೆ ಕೇಳಿದ್ರು. ನಾಲ್ಕನೇ ಗುರುವಾರಕ್ಕೆ ಊರಿನಿಂದ ನನ್ನ ಭಾವ ನನಗೇ ಫೋಟೋ ಕಳಿಸಿದ, "ದೊಡ್ಡಣ್ಣ, ಇದು ಹೊಸ ಐಟಂ ಅಂತೆ, ನಿಮ್ಮಲ್ಲಿ ಮಾಡ್ತೀರಾ?" ಅಂತ. ಚೇತನ್ ತೆಗ್ದ ಅದೇ ಫೋಟೋ. ಆದ್ರೆ ಪ್ಲೇಟು ಮಾತ್ರ ಉಂಟು. ಕೈ ಇಲ್ಲ.

ದಿವ್ಯಾಳಿಗೆ ತೋರಿಸಿದೆ. "ಇದರಲ್ಲಿ ನಿನ್ನ ಅಮ್ಮನ ಕೈ ಎಲ್ಲಿ ಹೋಯ್ತು?"

"ಕ್ರಾಪ್ ಮಾಡ್ಯಾರ ಮಾಮಾ. ಮಿಡಲ್ ಮಾತ್ರ ಇಟ್ಟಾರ."

"ಯಾಕೆ?"

ಅವಳು ಫೋಟೋ ದೊಡ್ಡದು ಮಾಡಿ ನೋಡಿದ್ಲು. ಪ್ಲೇಟಿನ ಅಂಚಿನಲ್ಲಿ ಕಪ್ಪಗೆ ಒಂದು ಚೂರು ಉಳಿದಿತ್ತು, ಹೆಬ್ಬೆರಳಿನ ತುದಿ. "ಖಾನೇ ಕೀ ಚೀಜ್ ಹೈ ನಾ," ಅಂದ್ಲು. ತಿನ್ನುವ ವಸ್ತು ಅಲ್ವಾ ಅಂತ.

ಅಷ್ಟರಲ್ಲಿ ಹೋಟೆಲಿಗೆ ಜನ ಬರ್ಲಿಕ್ಕೆ ಸುರು. ಗುಲಾಬಿ ಇಡ್ಲಿ ಉಂಟಾ, ಮೊದಲು ಮಾಡಿದ ಹೋಟೆಲು ಇದೇನಾ. ಧಣಿಗಳು ಎರಡು ದಿನ ಇಲ್ಲ ಅಂದ್ರು. ಮೂರನೇ ದಿನ ನನ್ನ ಹತ್ರ ಬಂದು ನಿಂತ್ರು. "ದೊಡ್ಡಣ್ಣ, ಅವರು ಹೇಗಿದ್ರೂ ತಿನ್ನುವುದೇ. ನಾವು ಬೀಟ್ರೂಟಿನದ್ದು ಕೊಟ್ರೆ ಯಾರಿಗೆ ಎಂತ ತೊಂದರೆ?" ಯಾರಿಗೂ ತೊಂದರೆ ಇಲ್ಲ. ಮೊದಲ ದಿನದ ಬಣ್ಣ ಹೆಚ್ಚಾಯ್ತು, ಫೋಟೋದ ಹಾಗೆ ಇಲ್ಲ ಅಂತ ಗಿರಾಕಿಗಳು ಅಂದ್ರು. ಬೀಟ್ರೂಟು ಕಮ್ಮಿ ಮಾಡಿ, ಒಂದು ಚಿಟಿಕೆ ಅರಿಶಿನ ಸೇರಿಸಿ, ಎಂಟು ದಿನದಲ್ಲಿ ನಾನು ಕಾರ್ಖಾನೆಯ ಬಣ್ಣಕ್ಕೇ ಸರಿಯಾಗಿ ತಂದೆ. ಧಣಿಗಳು ಮೆಚ್ಚಿದ್ರು. ನನಗೂ ಆ ದಿನ ಖುಷಿ ಆಗಿತ್ತು, ಅದನ್ನೂ ಹೇಳ್ಬೇಕಲ್ಲ.

ಮಾರ್ಚಿನಲ್ಲಿ ಒಂದು ಭಾನುವಾರ ಬಳಗದವರು ಇಲ್ಲಿಗೇ ಬಂದ್ರು. ಅರ್ಜಿ ಹಾಕಿ ಎರಡು ತಿಂಗಳಾಯ್ತು, ಇನ್ನು ಸ್ಥಳದಿಂದಲೇ ಲೈವ್ ಹೋಗುವುದು, ರತ್ನಮ್ಮ ತಮ್ಮ ಬಾಯಿಂದಲೇ ಹೇಳುವುದು ಅಂತ ಇಂದುಮತಿ ಅಮ್ಮನ ಲೆಕ್ಕ. ಹಿಂದಿನ ದಿನದಿಂದ ರತ್ನಮ್ಮ ಬಾಯಿಪಾಠ ಮಾಡ್ತಿದ್ರು. ಮೂರೇ ಮಾತು. ನನ್ನ ಹೆಸರು ರತ್ನವ್ವ. ಇದು ನಮ್ಮ ನೀರು. ನನ್ನ ಮಗಳ ಕೈ ಉಳಿಸ್ರಿ. ಮೂರನೆಯದ್ದಕ್ಕೆ ಬಂದಾಗ ಪ್ರತಿ ಸಲ ಅವರಿಗೆ ನಗು ಬರ್ತಿತ್ತು. "ಫೋನಿಗೆ ಹೇಳೂದಂದ್ರ ಹೆಂಗೋ ಆಗ್ತೈತ್ರಿ, ಗ್ವಾಡಿಗೆ ಹೇಳಿದಂಗ," ಅಂದ್ರು.

ಬರೋಡಾದಿಂದ ಒಂಬತ್ತು ಕಾರು, ಸೂರತ್ತಿನಿಂದ ಒಂದು ಬಸ್ಸು. ಎಲ್ಲರದ್ದೂ ಗುಲಾಬಿ ಅಂಗಿ, ಗುಲಾಬಿ ಸೀರೆ. ಬೀದಿಯವರು ಮದುವೆ ದಿಬ್ಬಣ ಅಂತ ಎಣಿಸಿ ಹೆಣ್ಣು ಎಲ್ಲಿ ಅಂತ ಕೇಳಿದ್ರು. ಬೆಳಿಗ್ಗೆ ಬೇಗ ಹೊರಟು ಬಂದವರು, ಹಸಿವಾಗದೆ ಇರ್ತದಾ. ಮೊದಲು ತಿಂಡಿ ಆಗ್ಲಿ ಅಂದ್ರು. ಬಣ್ಣದ ಅಂಗಿ ನೋಡಿ ದಾರಿಯಲ್ಲಿ ಹೋಗುವವರೂ ಒಳಗೆ ಬಂದ್ರು. ನಾನು ಹತ್ತು ಗಂಟೆಗೆ ಆರುನೂರು ಇಡ್ಲಿ ಇಳಿಸಿದ್ದೆ. ಈ ಲೆಕ್ಕ ಉಬ್ಬಿಸಿದ್ದಲ್ಲ, ಧಣಿಗಳ ಹತ್ರ ಕೇಳಿ. ಪ್ಲೇಟು ಮುಗೀತು. ಹೋಗುವ ಪ್ಲೇಟು ತೊಳೆದು ಬರ್ಬೇಕು, ಬರುವ ಪ್ಲೇಟು ಕಾಯ್ಬೇಕು.

ಹೊರಗೆ ಇಂದುಮತಿ ಅಮ್ಮ ಫೋನಿನೆದುರು ಮಾತಾಡ್ಲಿಕ್ಕೆ ಸುರು ಮಾಡಿದ್ರು. ಚೇತನ್ ಒಳಗೆ ಓಡಿ ಬಂದ. "ಆಂಟಿ, ಬನ್ನಿ. ಲೈವ್ ಶುರು ಆಯ್ತು. ಎರಡು ಸಾವಿರ ಜನ ನೋಡ್ತಿದಾರೆ."

ರತ್ನಮ್ಮ ಮೊಣಕೈ ತನಕ ತೊಟ್ಟಿಯಲ್ಲಿ. ಸೀರೆಯ ಸೆರಗಿಗೆ ಕೈ ಒರೆಸ್ಕೊಂಡು ಏಳುವಷ್ಟರಲ್ಲಿ ಧಣಿಗಳು ಬಾಗಿಲಲ್ಲಿ. "ರತ್ನಮ್ಮ, ಐದೇ ನಿಮಿಷ. ಒಂದೂ ಪ್ಲೇಟಿಲ್ಲ. ಅವರೇ ಕಾಯ್ತಾ ಇದ್ದಾರೆ, ನಿಮ್ಮವರೇ."

ರತ್ನಮ್ಮ ನನ್ನ ಮುಖ ನೋಡಿದ್ರು. ನಾನು ಹಿಟ್ಟು ಹೊಯ್ತಿದ್ದೆ. ಕೈಯಲ್ಲಿ ಸೌಟಿತ್ತು. ಇಟ್ಟು ಹೋಗಿ ನಾನು ತೊಳೀಬಹುದಿತ್ತು. ತೊಳೀಲಿಲ್ಲ.

ಅವರು ಮತ್ತೆ ಕೂತ್ರು. ಎಪ್ಪತ್ತು ಪ್ಲೇಟು. ಮತ್ತೆ ಎಪ್ಪತ್ತು. ಹೊರಗಿನಿಂದ ಇಂದುಮತಿ ಅಮ್ಮನ ಸ್ವರ ಕೇಳ್ತಿತ್ತು, ಒಳ್ಳೆಯ ಮಾತು, ರತ್ನಮ್ಮನ ಕೈ ಬಗ್ಗೆ. ಒಳಗೆ ಆ ಕೈ ಅವರ ಪ್ಲೇಟು ತೊಳೀತಿತ್ತು. ಯಾರೋ ದಿವ್ಯಾಳ ಕೈಗೆ ಒಂದು ಬೋರ್ಡು ಕೊಟ್ಟು ನಿಲ್ಲಿಸಿದ್ರು. ಅದರಲ್ಲಿ ಇಂಗ್ಲಿಷಿನಲ್ಲಿ ಎಂತದೋ ಬರೆದಿತ್ತು. ಬೋರ್ಡು ದೊಡ್ಡದು, ಹಿಡಿದವಳ ಕಣ್ಣು ಮಾತ್ರ ಮೇಲೆ ಕಾಣ್ತಿತ್ತು.

ರತ್ನಮ್ಮ ಹೊರಗೆ ಬಂದಾಗ ಹನ್ನೆರಡೂವರೆ. ಸೆರಗು ಸರಿ ಮಾಡ್ಕೊಂಡು, ತಲೆ ನೀವಿಕೊಂಡು ಬಂದಿದ್ರು. ಬಿಸಿಲಾಯ್ತು ಅಂತ ಕಾರು ಹೊರಟಾಗಿತ್ತು. ಕೊನೆಗೆ ಹೊರಟ ಬಸ್ಸಿನ ಕಿಟಕಿಯಿಂದ ಯಾರೋ ಕೈ ಬೀಸಿದ್ರು, ಇವರೂ ಬೀಸಿದ್ರು. ಮತ್ತೆ ಬೀದಿಯ ಕಡೆಗೆ ನಿಂತು, ಸಣ್ಣ ಸ್ವರದಲ್ಲಿ ಹೇಳಿದ್ರು, "ನನ್ನ ಹೆಸರು ರತ್ನವ್ವ." ಮುಂದಿನದ್ದು ಹೇಳ್ಲಿಲ್ಲ. ಒಳಗೆ ಬಂದು ಕೊಪ್ಪರಿಗೆಗೆ ಕೈ ಹಾಕಿದ್ರು.

ಆದ್ರೆ ನಳ ಬಂತು. ಹೌದು ಮಾರಾಯ್ರೆ, ಬಂತು, ನಿಜವಾಗಿ. ಏಪ್ರಿಲಿನಲ್ಲಿ. ಮೂಲೆಯ ಬಣ್ಣದ ಕಾರ್ಖಾನೆಯವರೇ ಹಾಕಿಸಿದ್ರು, ದಾನ ಅಂತ. ಚಾಲಿಯ ಬಾಯಿಯಲ್ಲಿ ಸಿಮೆಂಟಿನ ಕಟ್ಟೆ, ಅದರ ಮೇಲೆ ಕಪ್ಪು ಟ್ಯಾಂಕು, ಕೆಳಗೆ ಹೊಳೆಯುವ ನಳ, ಪಕ್ಕದಲ್ಲಿ ಹೆಸರು ಕೊರೆದ ಕಲ್ಲು. ಆ ದಿನದ ಸಮಾರಂಭಕ್ಕೆ ಎಂಟುನೂರು ಗುಲಾಬಿ ಇಡ್ಲಿಯ ಆರ್ಡರು ನಮಗೇ ಬಂತು. ಕಾರ್ಖಾನೆಯ ಸಾಹೇಬ ಒಂದು ತಿಂದು, "ಬಹುತ್ ಸಾಫ್ಟ್" ಅಂದ. ರಿಬ್ಬನ್ ಕತ್ತರಿಸಿದ್ರು. ದಿವ್ಯಾ ನಳ ತಿರುಗಿಸಿದ್ಲು. ಬಿಳಿ ನೀರು, ಗಾಜಿನ ಹಾಗೆ. ಅವಳು ಎರಡೂ ಕೈ ಒಡ್ಡಿ ನಿಂತ್ಲು, ಫೋಟೋದವ ಸಾಕು ಅಂದ್ರೂ ತೆಗೀಲಿಲ್ಲ. ರತ್ನಮ್ಮ ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದ್ರು. ಇಂದುಮತಿ ಅಮ್ಮ ಬಳಗದಲ್ಲಿ ಆ ನಳದ ಫೋಟೋ ಹಾಕಿ "ಗೆದ್ದೆವು" ಅಂತ ಬರೆದ್ರು. ಅರ್ಜಿಯ ಕೆಳಗೆ ಹಸಿರು ಗುರುತು ಬಿತ್ತು, ಮುಗೀತು ಅಂತ.

ಟ್ಯಾಂಕಿಗೆ ನೀರು ತುಂಬಿಸಿದ್ದು ಟ್ಯಾಂಕರಿನಿಂದ. ಹನ್ನೊಂದು ದಿನ ಬಂತು. ಹನ್ನೆರಡನೇ ದಿನ ಬರ್ಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಕೇಳಿದ್ರೆ, ನಾವು ಕೊಟ್ಟದ್ದು ಟ್ಯಾಂಕು, ನೀರು ಆಫೀಸಿನವರದ್ದು ಅಂದ್ರು. ಆಫೀಸಿನಲ್ಲಿ ಕೇಳಿದ್ರೆ, ಕಟ್ಟಿಸಿದವರನ್ನು ಕೇಳಿ, ನಮ್ಮ ಕಾಗದದಲ್ಲಿ ನಿಮ್ಮ ದೂರು ಬಗೆಹರಿದಿದೆ ಅಂದ್ರು. ಆಫೀಸಿನವ ಫೋನಿನಲ್ಲಿ ಫೋಟೋ ಕೂಡ ತೋರಿಸಿದನಂತೆ. ದಿವ್ಯಾ ನಳದ ಕೆಳಗೆ ಕೈ ಒಡ್ಡಿ ನಿಂತದ್ದು.

ದಿವ್ಯಾ ಬಳಗದಲ್ಲಿ ತನ್ನ ಕನ್ನಡದಲ್ಲಿ ಬರೆದ್ಲು. ನನಗೆ ಓದಿ ಹೇಳಿದ್ಲು. "ಟಾಂಕಿ ಖಾಲಿ ಅದ. ನೀರು ಬರೋದಿಲ್ಲ. ಪ್ಲೀಸ್ ಎಲ್ಲರೂ ಮತ್ತೆ ಬರೀರಿ." ನಲವತ್ತೊಂದು ಜನ ಹೃದಯದ ಚಿತ್ರ ಹಾಕಿದ್ರು. ಒಬ್ಬರು, ಅದು ಆವಾಗಲೇ ಆಯ್ತಲ್ಲಮ್ಮಾ ಅಂದ್ರು. ಇನ್ನೊಬ್ಬರು, ಗುಲಾಬಿ ಇಡ್ಲಿಗೆ ದಪ್ಪ ಅವಲಕ್ಕಿಯೋ ತೆಳುವೋ ಅಂತ ಕೇಳಿದ್ರು.

ಇಂದುಮತಿ ಅಮ್ಮ ಬರೀಲಿಲ್ಲ, ಖುದ್ದಾಗಿ ಬಂದ್ರು. ಜೂನಿನಲ್ಲಿ. ಯಜಮಾನರಿಗೆ ರಾಯಪುರಕ್ಕೆ ವರ್ಗ ಆಗಿತ್ತು. ಬ್ಯಾಂಕಿನವರದ್ದು ಗೊತ್ತಲ್ಲ, ಮೂರು ವರ್ಷ ಆದ ಕೂಡಲೇ ಗ್ಯಾಸು ಸಿಲಿಂಡರು ವಾಪಸು ಕೊಟ್ಟು ಹೊರಡುವುದು. ಬಳಗವನ್ನು ಸೂರತ್ತಿನ ನೇಹಾಳಿಗೆ ವಹಿಸಿದ್ರು. ಖಾಲಿ ಟ್ಯಾಂಕಿನ ಹತ್ರ ಹೋಗಿ ನಳ ತಿರುಗಿಸಿ ನೋಡಿದ್ರು. "ದೊಡ್ಡಣ್ಣ, ನಾನು ಎಲ್ಲಿ ತಪ್ಪಿದೆ ಹೇಳಿ," ಅಂದ್ರು. "ಇಡ್ಲಿ ಚಂದ ಆಯ್ತಮ್ಮ, ಅದೊಂದು," ಅಂದೆ. ಅವರು ನಗ್ಲಿಲ್ಲ.

ರತ್ನಮ್ಮ ಓಡ್ತಾ ಬಂದ್ರು. ಬಟ್ಟೆಯಲ್ಲಿ ಸುತ್ತಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. "ದಾರಿಗೆ ಇರ್ಲಿ ಅಮ್ಮಾರ. ನೀವು ಬಂದ್ರಿ, ಅಷ್ಟಾತು. ಯಾರು ಬರ್ತಾರ್ರಿ ನಮ್ಮ ಚಾಲಿಗೆ." ಇಂದುಮತಿ ಅಮ್ಮ ಎರಡೂ ಕೈಯಲ್ಲಿ ತೆಗೊಂಡ್ರು. ಕಣ್ಣಿಗೆ ಒತ್ತಿಕೊಂಡ್ರು. ರತ್ನಮ್ಮನನ್ನು ಅಪ್ಪಿಕೊಂಡು ಅತ್ತೇ ಬಿಟ್ರು. ಹೋಟೆಲಿಗೆ ಹೋಗಿ ಧಣಿಗಳಿಗೂ ಹೇಳಿ ಹೊರಟ್ರು. ಕಾರು ಹೋದ ಮೇಲೆ ನಾನು ಒಳಗೆ ಬಂದೆ. ಗಲ್ಲಾದ ಪಕ್ಕ, ಕ್ಯಾಲೆಂಡರಿನ ಹಿಂದೆ, ರೊಟ್ಟಿಯ ಗಂಟು ಇತ್ತು.

ಯಾವ ನೀರಲ್ಲಿ ನಾದಿದ್ದು ಅಂತ ಇಂದುಮತಿ ಅಮ್ಮನಿಗೆ ಗೊತ್ತು. ತಪ್ಪು ಹೇಳುವ ಹಾಗಿಲ್ಲ. ರತ್ನಮ್ಮ ಪ್ಲೇಟು ತೆಗೊಂಡು ಆ ಕಡೆ ಬರ್ತಿದ್ರು. ನಾನು ಗಂಟು ಬಿಚ್ಚಿ ಅಲ್ಲೇ ನಿಂತು ತಿಂದೆ. "ಏನ್ರಿ ದೊಡ್ಡಣ್ಣಾರ, ಎಲ್ಲೀ ರೊಟ್ಟಿ?" ಅಂದ್ರು. "ನಮ್ಮ ಮನೆಯದ್ದು," ಅಂದೆ. ನನ್ನ ಮನೆ ಬೈಂದೂರು, ನನ್ನ ಮನೆಯಲ್ಲಿ ಜೋಳ ಅಂದ್ರೆ ಕೋಳಿಗೆ ಹಾಕುವುದು. ಅವರು ಆ ಬಟ್ಟೆ ನೋಡಿದ್ರು. ಅವರ ಹಳೆಯ ಸೀರೆಯದ್ದೇ ತುಂಡು. ಮತ್ತೆ, "ಚಟ್ನಿಗೆ ಉಪ್ಪು ಸಾಕಾತಿಲ್ಲೊ?" ಅಂದ್ರು. ಸಾಕು ಅಂದೆ. ನನ್ನ ಆಯುಸ್ಸಿನಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಕಾಸಿಗೂ ಉಪಯೋಗಕ್ಕೆ ಬಾರದ್ದು ಅದೊಂದೇ.

ಮೂರು ವರ್ಷ ಆಯ್ತು. ಬಳಗಕ್ಕೆ ಈಗ ಬೇರೆ ಹೆಸರು, ತಿಂಡಿತೀರ್ಥದ ಹೆಸರು. ಗುರುವಾರದ ಇಡ್ಲಿ ನಿಂತಿಲ್ಲ, ನೀವು ಬಂದದ್ದೂ ಗುರುವಾರವೇ ಅಲ್ವಾ. ಧಣಿಗಳು ಗಿರಾಕಿಗಳಿಗೆ ಫಿಲ್ಟರ್ ನೀರು ಇಟ್ಟಿದ್ದಾರೆ. ಚಾಲಿಯವರು ಮೋಟಾರು ಇಟ್ಟು ಆ ಕಪ್ಪು ಟ್ಯಾಂಕಿಗೆ ಬೋರಿನ ಪೈಪು ಸಿಕ್ಕಿಸಿದ್ರು, ಬಗ್ಗಿ ಹೊಡೆಯುವ ಕಷ್ಟ ತಪ್ಪಿತು. ಈಗ ಅದೇ ನೀರು ಹೊಳೆಯುವ ನಳದಲ್ಲಿ ಬರ್ತದೆ. ದಿವ್ಯಾ ಪಾರ್ಲರಿಗೆ ನಾಲ್ಕು ತಿಂಗಳು ಹೋದ್ಲು. ಒಂದು ಮದುವೆಯಲ್ಲಿ ಮದುಮಗಳ ತಾಯಿ ಅವಳ ಬೆರಳು ನೋಡಿ, "ಬೇಟಾ, ಬೇರೆ ಯಾರಾದ್ರೂ ಇದ್ದಾರಾ?" ಅಂತ ಕೇಳಿದ್ರಂತೆ, ಪ್ರೀತಿಯಿಂದಲೇ. ರತ್ನಮ್ಮನಿಗೆ ಈಗ ಹಿಡಿದದ್ದು ಜಾರ್ತದೆ, ಬಿಸಿ ಯಾವುದು ತಂಪು ಯಾವುದು ಗೊತ್ತಾಗುವುದಿಲ್ಲ. ತೊಟ್ಟಿಯ ಹತ್ರ ಮಗಳು ಕೂರ್ತಾಳೆ. ಜನ ಕಮ್ಮಿ ಇದ್ದಾಗ ಪ್ಲೇಟು ಟೇಬಲಿಗೆ ತಂದಿಡುವುದೂ ಅವಳೇ.

ನಿಮಗೆ ತಂದಿಟ್ಟದ್ದೂ ಅವಳೇ. ನೀವು ನೋಡ್ಲಿಲ್ಲ, ಆಗ ಬೆಳಕು ಸರಿ ಮಾಡ್ತಿದ್ರಿ. ಈಗ ಫೋನು ತೆಗೀರಿ. ಮೊದಲ ಫೋಟೋಕ್ಕೆ ಹೋಗಿ. ಎಡಗಡೆ ಮೂಲೆಯಲ್ಲಿ, ಪ್ಲೇಟಿನ ಅಂಚಿನಲ್ಲಿ, ಎರಡು ಬೆರಳು ಬಂದಿರ್ಬೇಕು. ಸಿಕ್ಕಿತಾ?

ನೀವು ಓದಿದವರು, ನಿಮಗೆ ನಾನು ಹೇಳ್ಕೊಡುವುದೆಂತ. ಬೆರಳು ಕತ್ತರಿಸದೆ ಹಾಗೆಯೇ ಹಾಕಿ. ಅದು ಚಂದ ಕಾಣುವುದಿಲ್ಲ ಅಂತಾದ್ರೆ ಒತ್ತಾಯ ಇಲ್ಲ, ಅಗೋ, ಚಟ್ನಿಯ ಪಕ್ಕ ಒಂದು ಲೋಟ ಇಟ್ಟಿದ್ದೇನೆ. ಫಿಲ್ಟರಿನದ್ದಲ್ಲ, ಚಾಲಿಯ ನಳದ್ದು, ಈಗಷ್ಟೇ ಹಿಡಿದು ತಂದದ್ದು. ಅದನ್ನು ಕುಡಿದು ಮುಗಿಸಿ, ಮತ್ತೆ ಎಷ್ಟು ಬೇಕಾದ್ರೂ ಕತ್ತರಿಸಿ. ಎರಡರಲ್ಲಿ ಒಂದು. ನಾನು ಇಲ್ಲೇ ಕೂತಿರ್ತೇನೆ, ಹಿಟ್ಟು ಹುದುಗುವ ತನಕ ನನಗೆ ಬೇರೆ ಕೆಲಸ ಇಲ್ಲ.